ಅಮೆರಿಕದಲ್ಲಿ ಪರಿಹಾರ ಕೇಳುವುದಕ್ಕೂ ಗಡುವಿದೆ: ಹೊಸದಾಗಿ ಬಂದವರಿಗೆ

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್, ಕ್ರೆಡಿಟ್ ಸ್ಕೋರ್, ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಏನಾದರೂ ಆಗುವ ತನಕ ಯಾರೂ ಬಾಯಿಬಿಡದ ವಿಷಯ ಇನ್ನೊಂದಿದೆ. ಬೇರೆಯವರ ತಪ್ಪಿನಿಂದ ನಿಮಗೆ ಪೆಟ್ಟಾದರೆ, ನಿಮ್ಮ ವಸ್ತು ಹಾಳಾದರೆ, ಬರಬೇಕಾದ ಹಣ ಬರದಿದ್ದರೆ, ಪರಿಹಾರಕ್ಕಾಗಿ ದಾವೆ ಹೂಡಲು ಕಾನೂನು ಒಂದು ಗಡುವು ಇಟ್ಟಿದೆ. ಇಲ್ಲಿ ಅದನ್ನು ಸ್ಟ್ಯಾಚೂಟ್ ಆಫ್ ಲಿಮಿಟೇಷನ್ಸ್ ಅನ್ನುತ್ತಾರೆ. ಆ ದಿನ ದಾಟಿತೋ, ನಿಮ್ಮ ಹತ್ತಿರ ಎಷ್ಟೇ ಸಾಕ್ಷಿ ಇದ್ದರೂ ಎದುರು ಪಕ್ಷದ ಲಾಯರ್ ತಾರೀಖು ತೋರಿಸಿ ಕೇಸು ವಜಾ ಮಾಡಿಸಬಹುದು.

ನಮ್ಮಲ್ಲಿ ಹಲವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಇದೆ. ಭಾರತದಲ್ಲಿ ಮೋಟಾರು ಅಪಘಾತದ ಪರಿಹಾರಕ್ಕೆ ಅರ್ಜಿ ಹಾಕಲು 1994ರ ತಿದ್ದುಪಡಿಯಾದ ಮೇಲೆ ಬಹಳ ವರ್ಷ ಕಾಲಮಿತಿಯೇ ಇರಲಿಲ್ಲ. 6 ತಿಂಗಳ ಮಿತಿ ಮತ್ತೆ ಜಾರಿಗೆ ಬಂದಿದ್ದು 2022ರ ಏಪ್ರಿಲ್‌ನಲ್ಲಿ. ಅದೇ ಲೆಕ್ಕದಲ್ಲಿ ಇಲ್ಲೂ ‘ಮೊದಲು ಮೈ ಹುಷಾರಾಗಲಿ, ಆಮೇಲೆ ನೋಡೋಣ’ ಅಂದುಕೊಂಡು ಕೂರುವವರನ್ನು ಕಂಡಿದ್ದೇನೆ. ಇನ್ನು ಕೆಲವರಿಗೆ ವೀಸಾದ ಹೆದರಿಕೆ. ಎಚ್‌-1ಬಿ ಮೇಲೆ ಇದ್ದುಕೊಂಡು ಕೇಸು ಹಾಕಿದರೆ ಗ್ರೀನ್ ಕಾರ್ಡಿಗೆ ತೊಂದರೆ ಆಗುತ್ತಾ ಅಂತ ಕೇಳುತ್ತಾರೆ. ಆದ ಗಾಯಕ್ಕೆ, ಕಾರಿನ ರಿಪೇರಿಗೆ ಪರಿಹಾರ ಕೇಳುವುದು ಸಿವಿಲ್ ಹಕ್ಕು. ಇಂಥದೇ ವೀಸಾ ಇರಬೇಕು ಅಂತ ನಿಯಮವಿಲ್ಲ. ಹಕ್ಕು ಕೇಳಿದ್ದು ಅಪರಾಧವೂ ಅಲ್ಲ. ಈ ಹೆದರಿಕೆಯಲ್ಲೇ ಎರಡು ವರ್ಷ ಕಳೆದುಹೋಗುವುದು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇನ್ಶೂರೆನ್ಸ್ ಜೊತೆ ಮಾತಾಡಿದರೆ ಗಡಿಯಾರ ನಿಲ್ಲುವುದಿಲ್ಲ

ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮ್ ಹಾಕುವುದು ಬೇರೆ, ಕೋರ್ಟಿನಲ್ಲಿ ದಾವೆ ಹೂಡುವುದು ಬೇರೆ. ಕಾನೂನಿನ ಗಡುವು ಸಾಮಾನ್ಯವಾಗಿ ಎರಡನೆಯದಕ್ಕೆ.

ಹಿಂದಿನಿಂದ ಬಂದ ಕಾರು ನಿಮ್ಮ ಕಾರಿಗೆ ಗುದ್ದಿತು ಅಂದುಕೊಳ್ಳಿ. ಎದುರಿನವರ ಇನ್ಶೂರೆನ್ಸ್ ಕಂಪನಿ ಒಂದು ಕ್ಲೇಮ್ ನಂಬರ್ ಕೊಡುತ್ತದೆ. ಕ್ಲೇಮ್ ನೋಡಿಕೊಳ್ಳುವ ಕಂಪನಿಯ ಅಡ್ಜಸ್ಟರ್ ನಯವಾಗಿ ಮಾತಾಡುತ್ತಾರೆ. ಕಾರಿನ ರಿಪೇರಿ ಹಣ ಬೇಗ ಬಂದುಬಿಡುತ್ತದೆ. ಕುತ್ತಿಗೆ ನೋವು, ಫಿಸಿಕಲ್ ಥೆರಪಿ, ರಜೆ ಹಾಕಿದ್ದರಿಂದ ಹೋದ ಸಂಬಳ, ಇವು ಮಾತ್ರ ಎಳೆಯುತ್ತಾ ಹೋಗುತ್ತವೆ. ‘ಇನ್ನೊಂದು ಮೆಡಿಕಲ್ ರೆಕಾರ್ಡ್ ಕಳಿಸಿ’, ‘ನಿಮ್ಮ ಫೈಲ್ ಹೊಸ ಅಡ್ಜಸ್ಟರ್ ಕೈಗೆ ಹೋಗಿದೆ’, ‘ರಿವ್ಯೂನಲ್ಲಿದೆ’. ಪ್ರತಿ ಇಮೇಲಿಗೂ ನೀವು ಉತ್ತರ ಕೊಡುತ್ತೀರಿ. ಮಾತುಕತೆ ನಡೆಯುತ್ತಿದೆಯಲ್ಲ ಅಂತ ಧೈರ್ಯ. ಆದರೆ ಎಷ್ಟು ಇಮೇಲ್ ಓಡಾಡಿದರೂ, ಕ್ಲೇಮ್ ಎಷ್ಟು ದಿನ ಓಪನ್ ಇದ್ದರೂ, ಗಡುವು ಅಷ್ಟಕ್ಕೇ ಮುಂದಕ್ಕೆ ಹೋಗುವುದಿಲ್ಲ. ಗಡುವು ಮುಗಿದ ಮರುದಿನ ಕಂಪನಿಗೆ ನಿಮಗೆ ಹಣ ಕೊಡಬೇಕಾದ ಒತ್ತಡವೇ ಇರುವುದಿಲ್ಲ. ಹೆಚ್ಚು ಸಮಯ ಬೇಕು ಅಂತ ಎರಡೂ ಕಡೆಯವರಿಗೆ ಅನ್ನಿಸಿದರೆ ಗಡುವಿನ ಗಡಿಯಾರ ನಿಲ್ಲಿಸಿಡುವ ಟೋಲಿಂಗ್ ಅಗ್ರಿಮೆಂಟ್ ಅಂತ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುವ ದಾರಿ ಇದೆ. ಅದನ್ನು ಲಾಯರ್ ಕೈಯಲ್ಲೇ ಬರೆಸಬೇಕು. ಫೋನಿನಲ್ಲಿ ‘ಚಿಂತೆ ಮಾಡಬೇಡಿ’ ಅಂದಿದ್ದನ್ನು ನಂಬಿಕೊಂಡು ಕೂರಬೇಡಿ.

ಚೆಕ್ ಜೊತೆ ಬರುವ ಕಾಗದಗಳನ್ನೂ ಓದಿ. ರಿಲೀಸ್, ಅಂದರೆ ಇನ್ನು ಮುಂದೆ ಏನೂ ಕೇಳುವುದಿಲ್ಲ ಅನ್ನುವ ಕಾಗದಕ್ಕೆ ಸಹಿ ಹಾಕಿದರೆ ಗಡುವು ಉಳಿದಿದ್ದರೂ ಹಕ್ಕು ಮುಗಿಯಬಹುದು. ಕಾರಿನ ಹಣಕ್ಕೆ ಮಾತ್ರ ಸಹಿಯೋ, ಗಾಯಕ್ಕೂ ಸೇರಿಸಿಯೋ ಅನ್ನುವುದು ಆ ಕಾಗದದಲ್ಲೇ ಇರುತ್ತದೆ.

ರಾಜ್ಯಕ್ಕೊಂದು ಲೆಕ್ಕ

ಇಡೀ ದೇಶಕ್ಕೆ ಒಂದೇ ಗಡುವು ಇಲ್ಲ. ಬೇರೆಯವರ ಅಜಾಗರೂಕತೆಯಿಂದ ಗಾಯವಾದರೆ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿ, ಇಲಿನಾಯ್, ಜಾರ್ಜಿಯಾಗಳಲ್ಲಿ ಸಾಮಾನ್ಯವಾಗಿ 2 ವರ್ಷ. ನ್ಯೂಯಾರ್ಕ್, ವಾಷಿಂಗ್ಟನ್, ನಾರ್ತ್ ಕ್ಯಾರೊಲಿನಾಗಳಲ್ಲಿ 3 ವರ್ಷ. ಟೆನೆಸ್ಸಿಯಲ್ಲಿ ಒಂದೇ ವರ್ಷ. ಫ್ಲೋರಿಡಾದಲ್ಲಿ ಮುಂಚೆ 4 ವರ್ಷ ಇತ್ತು. 2023ರ ಮಾರ್ಚ್ 24ರಿಂದ 2ಕ್ಕೆ ಇಳಿಸಿದ್ದಾರೆ. ಲೂಸಿಯಾನದಲ್ಲಿ ತಿರುಗುಮುರುಗು: 1 ವರ್ಷ ಇದ್ದದ್ದು 2024ರ ಜುಲೈ 1ರ ನಂತರದ ಘಟನೆಗಳಿಗೆ 2 ವರ್ಷ ಆಗಿದೆ. ಹತ್ತು ವರ್ಷದ ಹಿಂದೆ ಕೇಸು ಗೆದ್ದ ಸ್ನೇಹಿತರು ಹೇಳಿದ ಲೆಕ್ಕ ಇವತ್ತಿಗೆ ಸರಿಯಿರಬೇಕು ಅಂತೇನಿಲ್ಲ.

ನೀವು ವಾಸ ಇರುವ ರಾಜ್ಯ ಒಂದು, ಅಪಘಾತ ಆದ ರಾಜ್ಯ ಇನ್ನೊಂದು ಆಗಿದ್ದರೆ ಇನ್ನೂ ಹುಷಾರಾಗಿರಬೇಕು. ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿರುವ ಕುಟುಂಬ ಲಾಂಗ್ ವೀಕೆಂಡಿಗೆ ಸ್ಮೋಕಿ ಮೌಂಟನ್ಸ್ ಕಡೆ ಹೋಗುತ್ತದೆ. ಬೆಟ್ಟದ ಆಚೆ ಟೆನೆಸ್ಸಿಯ ಊರೊಂದರ ರಸ್ತೆಯಲ್ಲಿ ಕಾರಿಗೆ ಯಾರೋ ಗುದ್ದುತ್ತಾರೆ. ಮನೆ ಇರುವ ರಾಜ್ಯದಲ್ಲಿ 3 ವರ್ಷ ಅಂತ ಸುಮ್ನೆ ಕೂತರೆ ಟೆನೆಸ್ಸಿಯ 1 ವರ್ಷ ಮುಗಿದುಹೋಗಿರುತ್ತದೆ. ಎರಡು ರಾಜ್ಯ ಬಂದಾಗ ಚಿಕ್ಕ ಗಡುವನ್ನೇ ನಿಮ್ಮ ಗಡುವು ಅಂದುಕೊಂಡು ಹೊರಡಿ.

ಹಾನಿಯ ಬಗೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಗಾಯಕ್ಕೆ 2 ವರ್ಷ, ಅದೇ ಅಪಘಾತದಲ್ಲಿ ಹಾಳಾದ ಕಾರಿಗೆ 3 ವರ್ಷ. ಬರೆದ ಒಪ್ಪಂದ ಮುರಿದರೆ ಅಲ್ಲಿ 4 ವರ್ಷ, ಬಾಯಿಮಾತಿನ ಒಪ್ಪಂದಕ್ಕೆ 2 ವರ್ಷ. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯಲ್ಲಿ ಒಪ್ಪಂದಕ್ಕೆ 6 ವರ್ಷ. ಓವರ್‌ಟೈಮ್ ಬಾಕಿಯಂಥ ಸಂಬಳದ ವಿಷಯದಲ್ಲಿ ಫೆಡರಲ್ ಕಾನೂನು 2 ವರ್ಷ ಕೊಡುತ್ತದೆ, ಮಾಲೀಕರು ಬೇಕಂತಲೇ ಮಾಡಿದ್ದರೆ 3. ಕೆಲಸದಲ್ಲಿ ಜನಾಂಗ, ಧರ್ಮ, ಹುಟ್ಟಿದ ದೇಶದ ಕಾರಣಕ್ಕೆ ತಾರತಮ್ಯ ಆದರೆ ಇಇಒಸಿ ಅನ್ನುವ ಫೆಡರಲ್ ಆಯೋಗಕ್ಕೆ 180 ದಿನದೊಳಗೆ ದೂರು ಕೊಡಬೇಕು. ಇಂಥ ದೂರು ನೋಡುವ ಸ್ವಂತ ಸಂಸ್ಥೆ ಇರುವ ರಾಜ್ಯಗಳಲ್ಲಿ 300 ದಿನ.

ಇನ್ಶೂರೆನ್ಸ್ ಪಾಲಿಸಿಯ ಒಳಗೇ ಬೇರೆ ಗಡುವು ಬರೆದಿರಬಹುದು. ಮನೆಗೆ ನೀರು ನುಗ್ಗಿದ್ದಕ್ಕೋ ಬೆಂಕಿ ಬಿದ್ದಿದ್ದಕ್ಕೋ ನಿಮ್ಮದೇ ಕಂಪನಿ ಹಣ ಕೊಡದಿದ್ದರೆ, ಅವರ ಮೇಲೆ 1 ವರ್ಷದೊಳಗೆ ದಾವೆ ಹೂಡಬೇಕು ಅಂತ ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಕ್ರೂಸ್ ಟಿಕೆಟ್‌ನಲ್ಲೂ ಹಾಗೆ: ಗಾಯವಾದರೆ 6 ತಿಂಗಳಲ್ಲಿ ನೋಟಿಸ್, 1 ವರ್ಷದಲ್ಲಿ ದಾವೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಫೆಡರಲ್ ಕಾನೂನು ಅಷ್ಟು ಚಿಕ್ಕ ಗಡುವಿಗೂ ಅವಕಾಶ ಕೊಟ್ಟಿದೆ.

ಎದುರು ಪಕ್ಷ ಸರ್ಕಾರವಾದರೆ ತಿಂಗಳುಗಳೇ ಲೆಕ್ಕ

ನಮ್ಮವರು ಜಾಸ್ತಿ ಎಡವುವುದು ಇಲ್ಲಿ. ಸಿಟಿ ಬಸ್ಸು ಗುದ್ದಿತು, ಒಡೆದ ಫುಟ್‌ಪಾತ್‌ನಲ್ಲಿ ಬಿದ್ದು ಕೈ ಮುರಿಯಿತು, ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಪೆಟ್ಟಾಯಿತು, ಕೌಂಟಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೆಟ್ಟಿತು. ಇವೆಲ್ಲದರಲ್ಲೂ ಎದುರು ಪಕ್ಷ ಸರ್ಕಾರದ ಸಂಸ್ಥೆ. ಅವರ ಮೇಲೆ ದಾವೆ ಹೂಡುವ ಮುಂಚೆ ಬರವಣಿಗೆಯಲ್ಲಿ ಕ್ಲೇಮ್ ಅಥವಾ ನೋಟಿಸ್ ಕೊಡಬೇಕು, ಅದಕ್ಕೆ ಇರುವ ಸಮಯ ತೀರಾ ಕಡಿಮೆ. ನ್ಯೂಜೆರ್ಸಿಯಲ್ಲಿ 90 ದಿನ. ನ್ಯೂಯಾರ್ಕ್‌ನ ನಗರ, ಕೌಂಟಿ, ಶಾಲಾ ಜಿಲ್ಲೆಗಳಿಗೂ 90 ದಿನ, ಗಾಯದ ದಾವೆಗೆ 1 ವರ್ಷ 90 ದಿನ. ಕ್ಯಾಲಿಫೋರ್ನಿಯಾದಲ್ಲಿ ಗಾಯಕ್ಕೆ 6 ತಿಂಗಳು. ಅವರು ಬರವಣಿಗೆಯಲ್ಲಿ ತಿರಸ್ಕರಿಸಿದರೆ ಅಲ್ಲಿಂದ 6 ತಿಂಗಳಲ್ಲಿ ಕೋರ್ಟಿಗೆ ಹೋಗಬೇಕು. ಟೆಕ್ಸಾಸ್‌ನಲ್ಲೂ ಸಾಮಾನ್ಯ ನಿಯಮ 6 ತಿಂಗಳು, ಆದರೆ ಕೆಲವು ನಗರಗಳು ತಮ್ಮ ಚಾರ್ಟರ್‌ನಲ್ಲಿ, ಅಂದರೆ ನಗರದ ಸ್ವಂತ ಮೂಲ ನಿಯಮಗಳಲ್ಲಿ, ಇನ್ನೂ ಕಡಿಮೆ ಇಟ್ಟುಕೊಂಡಿವೆ.

ನ್ಯೂಯಾರ್ಕ್-ನ್ಯೂಜೆರ್ಸಿ ಕಡೆ ಇರುವವರಿಗೆ ಇನ್ನೊಂದು ಮಾತು. ನ್ಯೂವಾರ್ಕ್ ಮತ್ತು ಜೆಎಫ್‌ಕೆ ವಿಮಾನ ನಿಲ್ದಾಣ, ಪಾಥ್ ರೈಲು ಇವು ಎರಡೂ ರಾಜ್ಯಗಳಿಗೆ ಸೇರಿದ ಪೋರ್ಟ್ ಅಥಾರಿಟಿ ಅನ್ನುವ ಸಂಸ್ಥೆಯ ಕೈಲಿವೆ. ಅವರ ಮೇಲಿನ ದಾವೆ 1 ವರ್ಷದೊಳಗೆ ಹೂಡಬೇಕು, ಅದಕ್ಕೂ 60 ದಿನ ಮುಂಚೆ ನೋಟಿಸ್ ಕೊಟ್ಟಿರಬೇಕು. ಅಂದರೆ ಸುಮಾರು 10 ತಿಂಗಳಿಗೇ ನಿಮ್ಮ ಕೆಲಸ ಶುರುವಾಗಿರಬೇಕು. ಎಲ್ಲಿ ಬಿದ್ದಿರಿ ಅನ್ನುವುದರ ಜೊತೆಗೆ ಆ ಜಾಗ ಯಾರದು ಅಂತಲೂ ಮೊದಲ ವಾರದಲ್ಲೇ ವಿಚಾರಿಸಿ.

ಫೆಡರಲ್ ಸರ್ಕಾರದ ದಾರಿ ಬೇರೆ. ಅಂಚೆ ವಾಹನ ನಿಮ್ಮ ಕಾರಿಗೆ ಗುದ್ದಿದರೆ, ನ್ಯಾಷನಲ್ ಪಾರ್ಕ್ ಸಿಬ್ಬಂದಿಯ ತಪ್ಪಿನಿಂದ ಪೆಟ್ಟಾದರೆ, ಮೊದಲು ಆ ಇಲಾಖೆಗೇ 2 ವರ್ಷದೊಳಗೆ ಕ್ಲೇಮ್ ಕೊಡಬೇಕು. ಅದಕ್ಕೆ ಸ್ಟ್ಯಾಂಡರ್ಡ್ ಫಾರ್ಮ್ 95 ಇದೆ. ಅದರಲ್ಲಿ ಇಷ್ಟೇ ಡಾಲರ್ ಅಂತ ಸ್ಪಷ್ಟ ಮೊತ್ತ ಬರೆಯಬೇಕು. ‘ಆಮೇಲೆ ತಿಳಿಸುತ್ತೇನೆ’ ಅಂತ ಬರೆದರೆ ಕ್ಲೇಮ್ ಅನ್ನಿಸಿಕೊಳ್ಳುವುದಿಲ್ಲ. ಇಲಾಖೆ ತಿರಸ್ಕಾರದ ಪತ್ರ ಕಳಿಸಿದ ದಿನದಿಂದ 6 ತಿಂಗಳೊಳಗೆ ಫೆಡರಲ್ ಕೋರ್ಟಿಗೆ ಹೋಗಬೇಕು. ಪತ್ರ ಹಳೆ ವಿಳಾಸಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟರೆ ಕಷ್ಟ. ನಮ್ಮವರು ಅಪಾರ್ಟ್‌ಮೆಂಟ್ ಬದಲಿಸುತ್ತಲೇ ಇರುತ್ತಾರೆ ಅಲ್ವಾ, ಹಾಗಾಗಿ ಹೊಸ ವಿಳಾಸ ತಪ್ಪದೆ ತಿಳಿಸಿ.

ಭಾರತಕ್ಕೆ ಹೋಗಿಬರುವ ವಿಮಾನದ ವಿಷಯಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಅನ್ವಯಿಸುತ್ತದೆ. ಸೂಟ್‌ಕೇಸ್ ಒಡೆದು ಬಂದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದರೆ 21 ದಿನದೊಳಗೆ ಏರ್‌ಲೈನ್‌ಗೆ ಬರವಣಿಗೆಯಲ್ಲಿ ದೂರು. ದಾವೆಗೆ 2 ವರ್ಷ.

ಗಡಿಯಾರ ಯಾವಾಗ ಶುರು?

ಹೆಚ್ಚಿನ ಕೇಸುಗಳಲ್ಲಿ ಘಟನೆ ನಡೆದ ದಿನದಿಂದ. ಹಾನಿ ಆಗಿದ್ದು ಕೂಡಲೇ ಗೊತ್ತಾಗದ ಸಂದರ್ಭಗಳಲ್ಲಿ, ಗೊತ್ತಾದ ದಿನದಿಂದ, ಅಥವಾ ಗಮನ ಕೊಟ್ಟಿದ್ದರೆ ಗೊತ್ತಾಗಬೇಕಿದ್ದ ದಿನದಿಂದ ಎಣಿಸುವ ನಿಯಮ ಹಲವು ರಾಜ್ಯಗಳಲ್ಲಿದೆ. ವೈದ್ಯರ ತಪ್ಪಿನ ಕೇಸುಗಳಲ್ಲಿ ಇದು ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ಗೊತ್ತಾದ ಮೇಲೆ 1 ವರ್ಷ, ಅಥವಾ ಹಾನಿ ಆದ ಮೇಲೆ 3 ವರ್ಷ, ಯಾವುದು ಮೊದಲೋ ಅದು. ನ್ಯೂಯಾರ್ಕ್‌ನಲ್ಲಿ ಸಾಮಾನ್ಯವಾಗಿ 2 ವರ್ಷ 6 ತಿಂಗಳು.

ಮಕ್ಕಳಿಗೆ ಗಾಯವಾದರೆ 18 ತುಂಬುವವರೆಗೆ ಗಡಿಯಾರ ನಿಂತಿರುತ್ತದೆ ಅನ್ನುವ ಮಾತು ಬಹುಮಟ್ಟಿಗೆ ನಿಜ, ಪೂರ್ತಿ ನಿಜ ಅಲ್ಲ. ವೈದ್ಯರ ತಪ್ಪಿಗೆ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿಗೂ ಬೇರೆ ಗಡುವಿದೆ: 6 ವರ್ಷದೊಳಗಿನ ಮಗುವಾದರೆ 3 ವರ್ಷ ಅಥವಾ 8ನೇ ಹುಟ್ಟುಹಬ್ಬ, ಯಾವುದು ದೂರವೋ ಅದು. ಸರ್ಕಾರಕ್ಕೆ ಕೊಡಬೇಕಾದ ನೋಟಿಸ್ ಕೂಡ ಮಗು ಅನ್ನುವ ಕಾರಣಕ್ಕೆ ತಾನಾಗಿ ಮುಂದಕ್ಕೆ ಹೋಗುತ್ತದೆ ಅಂತ ನಂಬಬೇಡಿ. ಆಸ್ಪತ್ರೆ ಬಿಲ್ಲಿಗೆ ಅಪ್ಪ-ಅಮ್ಮ ಕಟ್ಟಿದ ಹಣ ಕೇಳುವ ಗಡುವಂತೂ ಮಗುವಿಗೆ 18 ತುಂಬುವವರೆಗೆ ಕಾಯುತ್ತದೆ ಅಂತೇನಿಲ್ಲ.

ಕೋರ್ಟಿಗೆ ಹೋಗುವಾಗ

ಕೋರ್ಟಿನ ಕ್ಲರ್ಕ್ ಗಡುವು ನೋಡಿ ಹೇಳುತ್ತಾರೆ ಅಂದುಕೊಳ್ಳಬೇಡಿ. ಗಡುವು ಮುಗಿದ ದಾವೆಯನ್ನೂ ಅವರು ಶುಲ್ಕ ತೆಗೆದುಕೊಂಡು ಸ್ವೀಕರಿಸುತ್ತಾರೆ. ತಕರಾರು ಎತ್ತುವುದು ಎದುರು ಪಕ್ಷ. ದಾವೆ ಹೂಡಿದ ಮೇಲೆ ಅದರ ಪ್ರತಿಯನ್ನು ಎದುರಿನವರಿಗೆ ವಿಧಿಪ್ರಕಾರ ಮುಟ್ಟಿಸಲೂ ಸಮಯವಿದೆ: ಫೆಡರಲ್ ಕೋರ್ಟಿನಲ್ಲಿ 90 ದಿನ, ನ್ಯೂಯಾರ್ಕ್ ರಾಜ್ಯದಲ್ಲಿ 120 ದಿನ.

ಸಣ್ಣ ಮೊತ್ತವಾದರೆ ಲಾಯರ್ ಇಲ್ಲದೆಯೂ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ವ್ಯಕ್ತಿಗಳು 12,500 ಡಾಲರ್‌ವರೆಗೆ, ಟೆಕ್ಸಾಸ್‌ನ ಜಸ್ಟಿಸ್ ಕೋರ್ಟಿನಲ್ಲಿ 20,000 ಡಾಲರ್‌ವರೆಗೆ ಕೇಳಬಹುದು. ಬಾಡಿಗೆ ಮನೆಯ ಡೆಪಾಸಿಟ್ ವಾಪಸ್ ಬರದ ಕೇಸುಗಳಿಗೆ ಇದು ಒಳ್ಳೆ ಜಾಗ. ಗಾಯದ ಕೇಸಿಗೆ ಮಾತ್ರ ಲಾಯರ್ ಹತ್ತಿರ ಹೋಗಿ, ಅದೂ ಮೊದಲ ತಿಂಗಳಲ್ಲೇ. ಎಷ್ಟೋ ಜನ ಮೊದಲ ಮಾತುಕತೆಗೆ ಹಣ ಕೇಳುವುದಿಲ್ಲ. ಗೆದ್ದರೆ ಬಂದ ಹಣದಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗ ಅವರ ಫೀಸು. ಗಡುವಿಗೆ ಎರಡು ವಾರ ಉಳಿದಾಗ ಹೋದರೆ ಒಳ್ಳೆ ಲಾಯರುಗಳೇ ಒಪ್ಪುವುದಿಲ್ಲ, ಅಷ್ಟರಲ್ಲಿ ಅಂಗಡಿಯ ಕ್ಯಾಮೆರಾದ ರೆಕಾರ್ಡಿಂಗ್ ಕೂಡ ಅಳಿಸಿಹೋಗಿರುತ್ತದೆ. ಯಾರ ಗುರುತೂ ಇಲ್ಲದಿದ್ದರೆ ನಿಮ್ಮ ರಾಜ್ಯದ ಬಾರ್ ಅಸೋಸಿಯೇಷನ್‌ನಲ್ಲಿ ಲಾಯರ್ ರೆಫರಲ್ ಸೇವೆ ಇದೆಯಾ ನೋಡಿ. ಭೇಟಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಕೇಸಿಗೆ ಯಾವ ಯಾವ ಗಡುವು ಇದೆ, ಕೊನೆಯ ತಾರೀಖು ಯಾವುದು? ಉತ್ತರವನ್ನು ಇಮೇಲಿನಲ್ಲೇ ಕೊಡಲು ಹೇಳಿ. ‘ನಿಮ್ಮ ಕೇಸು ತೆಗೆದುಕೊಳ್ಳುವುದಿಲ್ಲ’ ಅಂದರೂ ಆ ತಾರೀಖು ಕೇಳಿಕೊಂಡೇ ಬನ್ನಿ.

ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದಾಗ ಪೆಟ್ಟಾದರೆ ಎಲ್ಲವನ್ನೂ ಬೇಗ ಮಾಡಬೇಕು. ಅವರಿಗೂ ಇಲ್ಲಿ ಪರಿಹಾರ ಕೇಳುವ ಹಕ್ಕಿದೆ, ಊರಿಗೆ ವಾಪಸ್ ಹೋದರೂ ಆ ಹಕ್ಕು ಹೋಗುವುದಿಲ್ಲ. ಆದರೆ ಅವರು ಊರಿನಲ್ಲಿದ್ದಾರೆ ಅಂತ ಗಡುವು ಕಾಯುವುದೂ ಇಲ್ಲ. ಅವರು ವಿಮಾನ ಹತ್ತುವ ಮುಂಚೆ ಲಾಯರ್‌ಗೆ ಭೇಟಿ ಮಾಡಿಸಿ, ಲಾಯರ್ ನೇಮಿಸಿಕೊಳ್ಳುವ ಒಪ್ಪಂದಕ್ಕೆ ಅಪ್ಪ-ಅಮ್ಮನ ಕೈಯಲ್ಲೇ ಸಹಿ ಹಾಕಿಸಿ. ಮೆಡಿಕಲ್ ರೆಕಾರ್ಡ್ ಪಡೆಯಲು ಬೇಕಾದ ಫಾರ್ಮುಗಳಿಗೂ ಆಗಲೇ ಸಹಿ ಆಗಲಿ. ಮುಂದೆ ಹೇಳಿಕೆ ಕೊಡಬೇಕಾಗಿ ಬಂದರೆ ಅದು ಹೇಗೆ ನಡೆಯುತ್ತದೆ ಅಂತ ಕೇಳಿಟ್ಟುಕೊಳ್ಳಿ. ಊರಿಗೆ ಹೋದ ಮೇಲೆ ಅಲ್ಲಿನ ಡಾಕ್ಟರ್ ಹತ್ತಿರ ಚಿಕಿತ್ಸೆ ಮುಂದುವರಿದರೆ ಆ ಬಿಲ್ಲು, ಎಕ್ಸ್‌ರೇ, ಔಷಧಿ ಚೀಟಿ ಎಲ್ಲವನ್ನೂ ಫೋಟೊ ತೆಗೆದು ಕಳಿಸಲು ಅವರಿಗೆ ಹೇಳಿ.