ಸೀನು ನಿಲ್ತಾನೇ ಇಲ್ವಾ? ಚೀನೀ ವೈದ್ಯದ ಕಣ್ಣಲ್ಲಿ ಅಲರ್ಜಿಯನ್ನ ಅರ್ಥ ಮಾಡ್ಕೊಳ್ಳೋದು ಹೇಗೆ

ಬೀಜಿಂಗ್‌ನಲ್ಲಿ ಏಪ್ರಿಲ್ ಬಂತು ಅಂದ್ರೆ ಪಾಪ್ಲರ್, ವಿಲ್ಲೋ ಮರಗಳಿಂದ ಬಿಳೀ ಹತ್ತಿ ಥರದ್ದು ಉದುರಿ ರಸ್ತೆ ಅಂಚಲ್ಲೆಲ್ಲಾ ಉಂಡೆ ಉಂಡೆಯಾಗಿ ಉರುಳ್ತಿರತ್ತೆ, ಸೀನೋರೆಲ್ಲಾ ಅದನ್ನೇ ಬೈಯೋದು. ಆದ್ರೆ ಅದು ಪರಾಗ ಅಲ್ಲ, ಬೀಜಕ್ಕೆ ಅಂಟಿರೋ ಎಳೆ. ಹೆಚ್ಚು ಕಾಟ ಕೊಡೋದು ಕಣ್ಣಿಗೇ ಕಾಣದ ಸೈಪ್ರೆಸ್ ಜಾತಿ ಮರದ ಪರಾಗ, ಅದು ಮಾರ್ಚಲ್ಲೇ ಶುರು. ಆಗಸ್ಟ್, ಸೆಪ್ಟೆಂಬರಲ್ಲಿ ಮಾಚಿಪತ್ರೆ ಜಾತಿ ಗಿಡಗಳ ಸರದಿ.

ಪರಾಗ ಎಲ್ಲರ ಮೂಗಿಗೂ ಹೋಗತ್ತೆ, ನಿಮಗೇ ಯಾಕೆ ಸೀನು? ಅಲ್ಲಿನ ಸಾಂಪ್ರದಾಯಿಕ ವೈದ್ಯರು ಹಿಡಿಯೋದು ಈ ಪ್ರಶ್ನೇನ. ಹೊರಗಿಂದ ನುಗ್ಗೋದು 'ಫಂಗ್', ಅಂದ್ರೆ ಗಾಳಿ. ಅದನ್ನ ತಡೆಯೋ ಮೈಗಾವಲು 'ವೇ ಚೀ'. ಶ್ವಾಸಕೋಶ, ಸ್ಪ್ಲೀನ್, ಕಿಡ್ನಿ ಸೋತಾಗ ಕಾವಲು ಸಡಿಲ ಆಗತ್ತೆ ಅಂತಾರೆ. ನಮ್ಮ ವಾತ ಪಿತ್ತದ ಹಾಗೆ ಇದು ಅವರ ಲೆಕ್ಕಾಚಾರ, ಲ್ಯಾಬ್ ರಿಪೋರ್ಟಿನ ಕಿಡ್ನಿ ಜತೆ ಕಲಸಬೇಡಿ.

ಮೊದಲು ಒಂದು ವಾರ ಗಮನಿಸಿ ಬರ್ಕೊಳ್ಳಿ. ಮೂಗಿಂದ ನೀರಿನ ಥರ ಸೋರಿ ಮೈ ಚಳಿ ಅನ್ನಿಸಿದ್ರೆ ಅವರ ಪ್ರಕಾರ ಗಾಳಿ ಜತೆ ಶೀತ ಸೇರಿದೆ. ಸಿಂಬಳ ಹಳದಿಯಾಗಿ ಗಟ್ಟಿ ಇದ್ದು ಕಣ್ಣು ಉರಿದ್ರೆ ಗಾಳಿ ಜತೆ ಉಷ್ಣ. ಎರಡಕ್ಕೂ ಔಷಧಿ ಬೇರೆ ಬೇರೆ, ಅದಕ್ಕೇ ಪಕ್ಕದ ಮನೆಯವರ ಪುಡಿ ನಿಮಗೆ ಆಗಲ್ಲ.

ಆಮೇಲೆ ಒತ್ತೋದು. ಮೂಗಿನ ಹೊಳ್ಳೆ ಪಕ್ಕದಲ್ಲೇ, ನಕ್ಕಾಗ ಬೀಳೋ ಗೆರೆ ಮೇಲೆ ಒಂದು ಸಣ್ಣ ತಗ್ಗು ಸಿಗತ್ತೆ, ಅದು 'ಯಿಂಗ್ ಶಿಯಾಂಗ್', ಪರಿಮಳಕ್ಕೆ ಸ್ವಾಗತ ಅಂತ ಅರ್ಥ, ಎಷ್ಟು ಚೆಂದದ ಹೆಸರು ನೋಡಿ. ಎರಡೂ ತೋರುಬೆರಳಿಂದ ಒಂದೆರಡು ನಿಮಿಷ ಮೆತ್ತಗೆ ಸುತ್ತಿಸಿ ಒತ್ತಿ. ಹೆಬ್ಬೆರಳು ತೋರುಬೆರಳ ನಡುವಿನ 'ಹ ಗೂ' ಬಿಂದುವನ್ನೂ ಒತ್ತುತ್ತಾರೆ, ಬಸುರಿಯರು ಮಾತ್ರ ಅದನ್ನ ಮುಟ್ಟೋದು ಬೇಡ.

ಔಷಧಿಯಲ್ಲಿ ಹೆಸರಾಗಿರೋದು 'ಯೂ ಪಿಂಗ್ ಫಂಗ್ ಸಾನ್', ಹಸಿರು ಜೇಡ್ ಕಲ್ಲಿನ ಗಾಳಿತಡೆ ಅಂತಾನೇ ಅನ್ನಬಹುದು. ಹುವಾಂಗ್ ಚೀ, ಬಾಯ್ ಜೂ, ಫಾಂಗ್ ಫಂಗ್, ಮೂರೇ ಬೇರು. ಕಾವಲು ಗಟ್ಟಿ ಮಾಡೋಕೆ ಸೀಸನ್‌ಗೆ ಮುಂಚೆನೇ ಕೊಡ್ತಾರೆ. ಆನ್‌ಲೈನಲ್ಲಿ ತರಿಸ್ಕೊಂಡು ನೀವೇ ಕುಡೀಬೇಡಿ ದಯವಿಟ್ಟು. ಮಾ ಹುವಾಂಗ್ ಅನ್ನೋ ಇನ್ನೊಂದು ಗಿಡದಲ್ಲಿ ಎಫೆಡ್ರಿನ್ ಇದೆ, ಬಿಪಿ ಏರತ್ತೆ, ಅದಿರೋ ಸಪ್ಲಿಮೆಂಟುಗಳನ್ನ ಅಮೆರಿಕ 2004ರಲ್ಲೇ ನಿಷೇಧಿಸ್ತು.

ಕೆಲಸ ಮಾಡತ್ತಾ? ಜರ್ಮನಿಯಲ್ಲಿ 422 ಅಲರ್ಜಿ ರೋಗಿಗಳ ಮೇಲೆ ಮಾಡಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಕ್ಯುಪಂಕ್ಚರ್, ಅಂದ್ರೆ ಇಂಥ ಬಿಂದುಗಳಿಗೆ ಸೂಜಿ ಚುಚ್ಚೋ ಚಿಕಿತ್ಸೆ, ತಗೊಂಡೋರಿಗೆ 8 ವಾರದಲ್ಲಿ ಉಳಿದವರಿಗಿಂತ ಸ್ವಲ್ಪ ಆರಾಮಾಗಿತ್ತು, ಮಾತ್ರೆನೂ ಕಮ್ಮಿ ಸಾಕಾಗಿತ್ತು, 16 ವಾರಕ್ಕೆ ಆ ವ್ಯತ್ಯಾಸ ಉಳಿದಿರಲಿಲ್ಲ. ಹಾಗಾಗಿ ಡಾಕ್ಟರ್ ಕೊಟ್ಟ ಸ್ಪ್ರೇ, ಇನ್‌ಹೇಲರ್ ನಿಲ್ಲಿಸದೆ ಇದನ್ನ ಜತೆಗೆ ಇಟ್ಕೊಳ್ಳಿ, ಎದೆಯಲ್ಲಿ ಸುಂಯ್ ಅಂತ ಸದ್ದು ಬಂದ್ರೆ ಬಿಂದು ಒತ್ತುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.