ಮುಂಬಯಿಯಲ್ಲಿ ಊರಿನ ಪಂಚಾಂಗ ನೋಡುವ ಬಗೆ

ಡೊಂಬಿವಲಿಯ ನಮ್ಮ ಕಟ್ಟಡದ ಕನ್ನಡದವರು ನನ್ನನ್ನು ಆಗಾಗ ಕೇಳುವುದು ಇದನ್ನೇ: "ಅಕ್ಕಾ, ಊರಿನ ಪಂಚಾಂಗದಲ್ಲಿ ಇವತ್ತು ಪಂಚಮಿ, ಇಲ್ಲಿನ ಕ್ಯಾಲೆಂಡರಿನಲ್ಲಿ ಷಷ್ಠಿ. ಯಾವುದು ಸರಿ?" ಎರಡೂ ಸರಿಯಿರಬಹುದು.

ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿಯುವ ಅವಧಿಯೇ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಹಾಗಾಗಿ ತಿಥಿ ಸುಮಾರು 19 ಗಂಟೆಗೇ ಮುಗಿಯಬಹುದು, 26ರವರೆಗೂ ಎಳೆಯಬಹುದು. ಅದು ಮುಗಿಯುವ ಕ್ಷಣ ದೇಶಕ್ಕೆಲ್ಲ ಒಂದೇ. ಆದರೆ ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ, ಮತ್ತು ಸೂರ್ಯೋದಯ ಊರೂರಿಗೆ ಬೇರೆ. ಜನವರಿಯ ನಡುವೆ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ, ಮುಂಬಯಿಯಲ್ಲಿ 7:15ರ ಸುಮಾರಿಗೆ. ಪಂಚಮಿ ಏಳು ಗಂಟೆಗೆ ಮುಗಿದರೆ ಅಲ್ಲಿ ಪಂಚಮಿ, ಇಲ್ಲಿ ಷಷ್ಠಿ.

ಪಂಚಾಂಗದಲ್ಲಿ ಗಂಟೆಯ ಬದಲು ಘಟಿ ಕೊಟ್ಟಿದ್ದರೆ ಹೆಚ್ಚು ಎಚ್ಚರ ಬೇಕು. ಒಂದು ಘಟಿಗೆ 24 ನಿಮಿಷ. ಹತ್ತು ಘಟಿ ಎಂದರೆ ನಾಲ್ಕು ಗಂಟೆ. ಅದನ್ನು ಕೂಡಿಸಬೇಕಾದದ್ದು ಪಂಚಾಂಗ ಗಣಿಸಿದ ಊರಿನ ಸೂರ್ಯೋದಯಕ್ಕೆ, ನಿಮ್ಮ ಊರಿನದಕ್ಕಲ್ಲ. ಹಾಗೆ ಬಂದ ಗಡಿಯಾರದ ಸಮಯವನ್ನು ಮುಂಬಯಿಯ ಸೂರ್ಯೋದಯದೊಂದಿಗೆ ಹೋಲಿಸಿ.

ರಾಹುಕಾಲ ಇದಕ್ಕೆ ವಿರುದ್ಧ: ಅದು ಪೂರ್ತಿ ಸ್ಥಳದ ಲೆಕ್ಕ. ಸೋಮವಾರ ಏಳೂವರೆಯಿಂದ ಒಂಬತ್ತು ಎಂದು ಬಾಯಿಪಾಠ ಮಾಡಿದವರೇ ಎಲ್ಲೆಡೆ. ಆ ಪಟ್ಟಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನದು. ನಿಮ್ಮ ಊರಿನ ಹಗಲನ್ನು ಎಂಟು ಭಾಗ ಮಾಡಿ. ಸೋಮವಾರಕ್ಕೆ ಎರಡನೆಯ ಭಾಗ, ಶನಿಗೆ ಮೂರು, ಶುಕ್ರಕ್ಕೆ ನಾಲ್ಕು, ಬುಧಕ್ಕೆ ಐದು, ಗುರುವಿಗೆ ಆರು, ಮಂಗಳಕ್ಕೆ ಏಳು, ಭಾನುವಾರಕ್ಕೆ ಕೊನೆಯದು. ಜನವರಿಯಲ್ಲಿ 7:15ಕ್ಕೆ ಉದಯ, 6:20ಕ್ಕೆ ಅಸ್ತ ಎಂದಿಟ್ಟುಕೊಳ್ಳಿ: ಒಂದು ಭಾಗಕ್ಕೆ 83 ನಿಮಿಷ, ಸೋಮವಾರದ ರಾಹುಕಾಲ 8:38ರಿಂದ 10:01. ಬಾಯಿಪಾಠದವರು ಒಂಬತ್ತಕ್ಕೆ ನಿಶ್ಚಿಂತೆಯಿಂದ ಹೊಸ ಮನೆಯ ಬಾಗಿಲು ತೆರೆದರೆ ಅದು ರಾಹುಕಾಲದ ನಡುಮಧ್ಯ! ನಂಬಿ ನಡೆಯುವವರು ಐದು ನಿಮಿಷ ಲೆಕ್ಕ ಹಾಕಲೇಬೇಕು ಎಂಬುದು ನನ್ನ ಹಟ.

ಎಲ್ಲ ಆಚರಣೆಗೂ ಸೂರ್ಯೋದಯದ ತಿಥಿಯೇ ಸಾಕಾಗುವುದಿಲ್ಲ. ಗಣೇಶ ಚತುರ್ಥಿಗೂ ರಾಮನವಮಿಗೂ ಮಧ್ಯಾಹ್ನದಲ್ಲಿ ಆ ತಿಥಿ ಇರಬೇಕು, ವಾರ್ಷಿಕ ಶ್ರಾದ್ಧಕ್ಕೆ ಅಪರಾಹ್ಣದಲ್ಲಿ, ಅಂದರೆ ಮಧ್ಯಾಹ್ನ ಕಳೆದ ಮೇಲಿನ ಹೊತ್ತಿನಲ್ಲಿ, ದೀಪಾವಳಿಯ ಲಕ್ಷ್ಮೀಪೂಜೆಗೆ ಪ್ರದೋಷದಲ್ಲಿ, ಅಂದರೆ ಸೂರ್ಯ ಮುಳುಗಿದ ನಂತರದ ಹೊತ್ತಿನಲ್ಲಿ. ಸಂಕಷ್ಟಿಗೆ ಚಂದ್ರೋದಯ ಮುಖ್ಯ. ಉಪವಾಸ ಬಿಡುವ ಹೊತ್ತಿಗೆ ಬೆಂಗಳೂರಿನ ತಂಗಿಗೆ ಫೋನ್ ಮಾಡಿ ಕೇಳಬೇಡಿ. ಮುಂಬಯಿಯ ಚಂದ್ರೋದಯವನ್ನೇ ನೋಡಿ.

ಇಷ್ಟಾದರೂ ಎರಡು ಪಂಚಾಂಗಗಳು ಹೊಂದದಿದ್ದರೆ, ಒಂದು ಸೂರ್ಯಸಿದ್ಧಾಂತ ಎಂಬ ಹಳೆಯ ಗ್ರಂಥದ ಲೆಕ್ಕದ್ದು, ಇನ್ನೊಂದು ಆಕಾಶದಲ್ಲಿ ಕಾಣುವುದಕ್ಕೆ ಹೊಂದುವಂತೆ ಗಣಿಸುವ ದೃಗ್ಗಣಿತದ್ದು ಇರಬಹುದು. ಅವುಗಳಲ್ಲಿ ತಿಥಿ ಮುಗಿಯುವ ಕ್ಷಣವೇ ಗಂಟೆಗಟ್ಟಲೆ ಬೇರೆಯಾಗುವುದುಂಟು. ಅನುಕೂಲ ಕಂಡಂತೆ ಇದನ್ನೊಮ್ಮೆ ಅದನ್ನೊಮ್ಮೆ ಹಿಡಿಯಬೇಡಿ. ಮನೆತನದಲ್ಲಿ ನಡೆದುಬಂದದ್ದು ಯಾವುದೆಂದು ಹಿರಿಯರನ್ನು ಕೇಳಿ, ವರ್ಷವಿಡೀ ಅದನ್ನೇ ಅನುಸರಿಸಿ.