ಮನೆಯ ನಕ್ಷೆಗೊಂದು ಸಂಪ್ ಬ್ಲಾಕ್: ಆಟೋಕ್ಯಾಡ್‌ನಲ್ಲಿ ಸ್ವಂತ ಲೈನ್‌ಟೈಪ್ ಬಳಸುವ ಕ್ರಮ

ಬೆಂಗಳೂರಿನ ಮನೆಗಳಲ್ಲಿ ನೀರಿನ ಸಂಪ್ ಸಾಮಾನ್ಯವಾಗಿ ಕಾರು ನಿಲ್ಲಿಸುವ ಜಾಗದ ನೆಲದಡಿ ಇರುತ್ತದೆ. ನಕ್ಷೆಯಲ್ಲಿ ಅದರ ಹೊರ ಅಂಚನ್ನು ತುಂಡುಗೆರೆಯಲ್ಲಿ, ಮೇಲೆ ಕಾಣುವ ಮುಚ್ಚಳವನ್ನು ಪೂರ್ಣಗೆರೆಯಲ್ಲಿ ತೋರಿಸುತ್ತೇವೆ. ಪ್ರತಿ ನಕ್ಷೆಯಲ್ಲೂ ಇದನ್ನು ಹೊಸದಾಗಿ ಬರೆಯುವ ಬದಲು, ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಸ್ವಂತ ಗೆರೆಶೈಲಿಯೊಂದಿಗೆ (ಲೈನ್‌ಟೈಪ್) ಒಮ್ಮೆ ಬ್ಲಾಕ್, ಅಂದರೆ ಮತ್ತೆ ಮತ್ತೆ ಇಡಬಹುದಾದ ಸಿದ್ಧ ಚಿತ್ರ, ಮಾಡಿಟ್ಟುಕೊಳ್ಳುವ ಕ್ರಮ ಇಲ್ಲಿದೆ. ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ, ಮುದ್ರಣ 1:100 ಪ್ರಮಾಣದಲ್ಲಿ ಎಂದು ಇಟ್ಟುಕೊಂಡಿದ್ದೇನೆ.

ಮೊದಲು ಗೆರೆ. ನೋಟ್‌ಪ್ಯಾಡ್‌ನಲ್ಲಿ ಹೊಸ ಕಡತ ತೆರೆದು ‘ಡಾಟ್ ಲಿನ್’ (.lin) ವಿಸ್ತರಣೆಯಲ್ಲಿ ಉಳಿಸಿ. ಆಟೋಕ್ಯಾಡ್ ಜೊತೆಗೇ ಬರುವ ಲಿನ್ ಕಡತವನ್ನು ತಿದ್ದಬೇಡಿ. ಸ್ವಂತದ್ದು ಬೇರೆಯಾಗಿದ್ದರೆ ತಂತ್ರಾಂಶ ಬದಲಾದಾಗಲೂ ಕೈಯಲ್ಲಿರುತ್ತದೆ. ಮೊದಲ ಸಾಲು ನಕ್ಷತ್ರ ಚಿಹ್ನೆಯಿಂದ ಶುರುವಾಗಬೇಕು, ಅದಕ್ಕೆ ಅಂಟಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಗೆರೆಯ ಹೆಸರು, ಅಲ್ಪವಿರಾಮ, ನಂತರ ವಿವರಣೆ. ಎರಡನೆಯ ಸಾಲಿನಲ್ಲಿ ಇಂಗ್ಲಿಷಿನ ‘ಎ’ (A) ಅಕ್ಷರ ಮತ್ತು ಅಲ್ಪವಿರಾಮ ಹಾಕಿ 4,-1.5,0,-1.5 ಎಂದು ಬರೆಯಿರಿ. ಧನಸಂಖ್ಯೆ ಎಂದರೆ ಗೆರೆಯ ತುಂಡು, ಋಣಸಂಖ್ಯೆ ಎಂದರೆ ಖಾಲಿ ಜಾಗ, ಸೊನ್ನೆ ಎಂದರೆ ಚುಕ್ಕಿ. ಹೀಗಾಗಿ ಕಾಗದದ ಮೇಲೆ ಒಂದು ಆವರ್ತನೆ 7 ಮಿ.ಮೀ. ಆಗುತ್ತದೆ. ಕೊನೆಯಲ್ಲಿ ಎಂಟರ್ ಒತ್ತಿ ಉಳಿಸಿ, ಆಟೋಕ್ಯಾಡ್‌ನಲ್ಲಿ ‘ಲೈನ್‌ಟೈಪ್’ ಕಮಾಂಡ್ ಕೊಟ್ಟು, ‘ಲೋಡ್’ ಗುಂಡಿಯ ಮೂಲಕ ಈ ಕಡತವನ್ನು ಆರಿಸಿ.

ಈ 7 ಮಿ.ಮೀ. ಅಳತೆಯನ್ನು ನೆನಪಿಟ್ಟುಕೊಳ್ಳುವುದು ಮುಖ್ಯ. ಒಂದು ಆವರ್ತನೆಗೂ ಸಾಲದಷ್ಟು ಗಿಡ್ಡ ಗೆರೆಯನ್ನು ಆಟೋಕ್ಯಾಡ್ ಪೂರ್ಣಗೆರೆಯಾಗಿಯೇ ಎಳೆಯುತ್ತದೆ. 2400×1800 ಅಳತೆಯ ಸಂಪ್ 1:100ರಲ್ಲಿ 24×18 ಮಿ.ಮೀ. ಆಗುವುದರಿಂದ ತೊಂದರೆಯಿಲ್ಲ, ಆದರೆ ಇದೇ ಗೆರೆಯನ್ನು 600 ಮಿ.ಮೀ. ಚೌಕದ ಚೇಂಬರಿಗೆ (ಕೊಳವೆ ಪರೀಕ್ಷಿಸುವ ಗುಂಡಿ, ಕಾಗದದ ಮೇಲೆ ಅದರ ಬದಿ 6 ಮಿ.ಮೀ. ಮಾತ್ರ) ಹಾಕಿದರೆ ತುಂಡು ಎಲ್ಲಿಯೂ ಕಾಣುವುದಿಲ್ಲ, ಮತ್ತು ಲೈನ್‌ಟೈಪ್ ಲೋಡ್ ಆಗಿಲ್ಲವೆಂದು ನೀವು ಸುಮ್ಮನೆ ಹುಡುಕಾಡುತ್ತೀರಿ. ಲೇಔಟಿನಿಂದ, ಅಂದರೆ ಮುದ್ರಣದ ಹಾಳೆಯನ್ನು ಜೋಡಿಸುವ ಪುಟದಿಂದ, ಮುದ್ರಿಸುವುದಾದರೆ ಗೆರೆತುಂಡಿನ ಅಳತೆ ನಿಯಂತ್ರಿಸುವ ‘ಪಿಎಸ್‌ಎಲ್‌ಟಿಸ್ಕೇಲ್’ ಮತ್ತು ‘ಎಲ್‌ಟಿಸ್ಕೇಲ್’ ಎರಡನ್ನೂ 1ಕ್ಕೆ ಇಡಿ. ಆಗ ವ್ಯೂಪೋರ್ಟಿನ (ಆ ಹಾಳೆಯಲ್ಲಿ ನಕ್ಷೆ ಕಾಣುವ ಕಿಟಕಿ) ಪ್ರಮಾಣ 1:100 ಇರಲಿ, 1:50 ಇರಲಿ, ತುಂಡಿನ ಉದ್ದ ಕಾಗದದ ಮೇಲೆ ಒಂದೇ ಆಗಿರುತ್ತದೆ.

ಇನ್ನು ಚಿತ್ರ. ‘0’ ಲೇಯರಿನಲ್ಲಿ (ಲೇಯರ್ ಎಂದರೆ ನಕ್ಷೆಯ ಒಂದು ಪದರ) ನಿಂತು ಸಂಪಿನ ಹೊರ ಅಂಚನ್ನು ಪಾಲಿಲೈನಿನಿಂದ (ಹಲವು ಬದಿಗಳು ಸೇರಿದ ಒಂದೇ ಗೆರೆ), ಒಳಗೆ ಒಂದು ಮೂಲೆಗೆ 600×600ರ ಮುಚ್ಚಳವನ್ನು ಬರೆಯಿರಿ. ಬಣ್ಣ ಮತ್ತು ಗೆರೆಯ ದಪ್ಪವನ್ನು ‘ಬೈಲೇಯರ್’ (ಲೇಯರಿನಂತೆ) ಎಂದೇ ಬಿಡಿ. ಲೈನ್‌ಟೈಪನ್ನು ಮಾತ್ರ ಹಾಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ: ಹೊರ ಅಂಚಿಗೆ ನೀವು ಮಾಡಿದ ಗೆರೆಯನ್ನೂ ಮುಚ್ಚಳಕ್ಕೆ ‘ಕಂಟಿನ್ಯುಯಸ್’ ಅನ್ನೂ ನೇರವಾಗಿ ಕೊಡಿ. ‘0’ ಲೇಯರಿನಲ್ಲಿ ಬರೆದ ವಸ್ತು, ಬ್ಲಾಕನ್ನು ಯಾವ ಲೇಯರಿನಲ್ಲಿ ಇಟ್ಟೆವೋ ಅದರ ಗುಣಗಳನ್ನು ಪಡೆಯುತ್ತದೆ. ಬಣ್ಣ, ದಪ್ಪ ಹಾಗೆ ಬದಲಾಗುವುದು ಅನುಕೂಲವೇ, ಏಕೆಂದರೆ ಅವು ಪ್ರತಿ ಕಚೇರಿಯ ಪದ್ಧತಿಗೆ ಸೇರಿದವು. ತುಂಡುಗೆರೆ ಹಾಗಲ್ಲ; ‘ಇದು ನೆಲದಡಿ ಇದೆ’ ಎಂದು ಹೇಳುತ್ತಿರುವುದೇ ಅದು. ಯಾರೋ ಪ್ಲಂಬಿಂಗ್ ಲೇಯರಿನ ಲೈನ್‌ಟೈಪ್ ಬದಲಿಸಿದರೆ ಸಂಪ್ ನೆಲದ ಮೇಲೆ ಬಂದುಬಿಡಬಾರದು.

‘ಪಿಲೈನ್‌ಜೆನ್’ (ಪಾಲಿಲೈನಿನ ಮೂಲೆಗಳಲ್ಲಿ ಗೆರೆಶೈಲಿ ಹೇಗೆ ಸಾಗಬೇಕೆಂದು ಹೇಳುವ ಸೆಟ್ಟಿಂಗ್) ಮೌಲ್ಯ ಇಲ್ಲಿ 0 ಇರಲಿ. ಆಗ ಪ್ರತಿ ಬದಿಯ ಆರಂಭ ಮತ್ತು ಕೊನೆಯಲ್ಲಿ ಗೆರೆಯ ತುಂಡೇ ಬೀಳುವುದರಿಂದ ಮೂಲೆಗಳು ಕೂಡಿಕೊಂಡಿರುತ್ತವೆ. ಸಣ್ಣ ಸಣ್ಣ ತುಂಡುಗಳಿಂದಾದ ಬಾಗುಗೆರೆಗಳಿಗೆ, ಉದಾಹರಣೆಗೆ ಕಾಂಟೂರಿಗೆ (ನೆಲದ ಸಮಾನ ಎತ್ತರದ ಗೆರೆ), 1 ಬೇಕಾಗುತ್ತದೆ.

ನೀರಿನ ಪ್ರಮಾಣ ಬರೆಯಲು ‘ಅಟ್‌ಡೆಫ್’ ಕಮಾಂಡಿನಿಂದ ಒಂದು ಆಟ್ರಿಬ್ಯೂಟ್ (ಬ್ಲಾಕ್ ಇಡುವಾಗ ತುಂಬಬಹುದಾದ ಬರಹ) ಸೇರಿಸಿ. ಒಳ ಅಳತೆ 2400×1800, ನೀರಿನ ಆಳ 1500 ಇದ್ದರೆ 6480 ಲೀಟರ್. ಅದನ್ನೇ ಡೀಫಾಲ್ಟ್ ಆಗಿ ಕೊಡಬಹುದು. ನಂತರ ‘ಬ್ಲಾಕ್’ ಕಮಾಂಡ್ ಕೊಟ್ಟು, ಕಾಂಪೌಂಡ್ ಕಡೆಯ ಮೂಲೆಯನ್ನು ಬೇಸ್ ಪಾಯಿಂಟ್ (ಬ್ಲಾಕನ್ನು ಇಡುವಾಗ ಹಿಡಿಯುವ ಬಿಂದು) ಆಗಿ ಹಿಡಿಯಿರಿ, ಏಕೆಂದರೆ ಸಂಪಿನ ಜಾಗವನ್ನು ಅಳೆಯುವುದು ಗೋಡೆಯಿಂದಲೇ. ಬ್ಲಾಕ್ ಯೂನಿಟ್ ಮಿಲಿಮೀಟರ್ ಇರಲಿ, ‘ಸ್ಕೇಲ್ ಯೂನಿಫಾರ್ಮ್ಲಿ’ ಗುರುತು ಹಾಕಿ. ಎಕ್ಸ್ ದಿಕ್ಕಿನಲ್ಲಿ ಮಾತ್ರ ಹಿಗ್ಗಿಸಿದರೆ ಚೌಕದ ಮುಚ್ಚಳವೂ ಹಿಗ್ಗಿ ಆಯತವಾಗುವುದನ್ನು ಇದು ತಡೆಯುತ್ತದೆ. ಬೇರೆ ಬೇರೆ ಉದ್ದ ಬೇಕಿದ್ದರೆ ಬ್ಲಾಕ್ ತಿದ್ದುವ ‘ಬಿಎಡಿಟ್’ನಲ್ಲಿ ಲೀನಿಯರ್ ಪ್ಯಾರಾಮೀಟರ್ (ಉದ್ದದ ಅಳತೆ) ಮತ್ತು ಅದರಂತೆ ಹಿಗ್ಗಿಸುವ ಸ್ಟ್ರೆಚ್ ಆ್ಯಕ್ಷನ್ ಸೇರಿಸಿ, ಮುಚ್ಚಳವನ್ನು ಸ್ಟ್ರೆಚ್ ಚೌಕಟ್ಟಿನ ಹೊರಗೆ ಬಿಡಿ.

‘ಡಬ್ಲ್ಯೂಬ್ಲಾಕ್’ನಿಂದ ಇದನ್ನು ಪ್ರತ್ಯೇಕ ಕಡತವಾಗಿ ಉಳಿಸಿದಾಗ ಗೆರೆಯ ವಿವರವೂ ಅದರೊಳಗೇ ಹೋಗುತ್ತದೆ, ಪಡೆದವರಿಗೆ ಲಿನ್ ಕಡತ ಕಳುಹಿಸಬೇಕಾಗಿಲ್ಲ. ಆದರೆ ಅವರ ನಕ್ಷೆಯಲ್ಲಿ ಅದೇ ಹೆಸರಿನ ಬೇರೊಂದು ಲೈನ್‌ಟೈಪ್ ಮೊದಲೇ ಇದ್ದರೆ ಅಲ್ಲಿನದೇ ಉಳಿಯುತ್ತದೆ, ಆದ್ದರಿಂದ ಹೆಸರಿನ ಮುಂದೆ ನಿಮ್ಮ ಕಚೇರಿಯ ಮೊದಲಕ್ಷರಗಳನ್ನು ಸೇರಿಸಿ. ಮುಂದೆಂದಾದರೂ ಲಿನ್ ಕಡತದ ಅಂಕಿಗಳನ್ನು ಬದಲಿಸಿದರೆ ಹಳೆಯ ನಕ್ಷೆಗಳು ತಾವಾಗಿ ಬದಲಾಗುವುದಿಲ್ಲ. ಪ್ರತಿಯೊಂದರಲ್ಲೂ ಲೈನ್‌ಟೈಪನ್ನು ಮತ್ತೆ ಲೋಡ್ ಮಾಡಿ, ಹಳೆಯದನ್ನು ಬದಲಿಸಲು ಒಪ್ಪಿ, ಚಿತ್ರವನ್ನು ಮತ್ತೆ ಮೂಡಿಸುವ ‘ರೀಜೆನ್’ ಕೊಡಬೇಕು.